ಕೆಟ್ಟಿರುವುದು ಕಂಪ್ಯೂಟರ್ ಅಲ್ಲ

ಮಾರ್ಚ್ ೯, ಸೋಮವಾರ

ಹೊಸ ಕಾರ್ ರೇಸ್ ಆಟ ಹಾಕಿದಾಗಿನಿಂದ ಚಿತ್ರ ನಡುನಡುವೆ ನಿಂತು ಮುಂದಕ್ಕೆ ಜಿಗಿಯುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಹಳೆಯದಾಯಿತು, ಬದಲಾಯಿಸಲೇಬೇಕು ಎಂದು ತಂಗಿಯ ತಲೆ ತಿಂದಿದ್ದೆ. ಕಂಪ್ಯೂಟರ್ ರಿಪೇರಿ ಅವಳ ಕಸುಬು. ಇವತ್ತು ನನಗೆ ಆಡಲು ಹೇಳಿ ಪಕ್ಕದಲ್ಲಿ ಕೂತಳು.

"ನೋಡು, ಈಗ ನಿಂತ್ಹೋಯ್ತು," ಎಂದೆ.

"ಎಲ್ಲಿ ನಿಂತಿದೆ? ಆಟ ಓಡ್ತಾನೇ ಇತ್ತು. ನೀನೇ ಗೊಂಬೆ ಥರ ಕೂತ್ಬಿಟ್ಟೆ. ಕರೆದ್ರೂ ತಿರುಗ್ಲಿಲ್ಲ. ಕಾರ್ಡು ಗಟ್ಟಿಮುಟ್ಟಾಗಿದೆ ಅಣ್ಣ, ಸುಮ್ನೆ ದುಡ್ಡು ದಂಡ ಮಾಡ್ಬೇಡ. ಹೋಗಿ ನಿದ್ದೆ ಮಾಡು."

ಅವಳು ಕರೆದದ್ದು ನನಗೆ ಕೇಳಿಸಿಯೇ ಇಲ್ಲ.

ಊಟದ ಹೊತ್ತಿಗೆ ಅಮ್ಮ ನೀರಿನ ಜಗ್ ಎತ್ತಿದಳು. ಮರುಕ್ಷಣ ಲೋಟ ತುಂಬಿತ್ತು. ಸುರಿದದ್ದು ಕಾಣಲಿಲ್ಲ. ಕಂಪ್ಯೂಟರೇ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ದೀಪ ಆರಿಸಲೂ ಭಯ. ಹೋದ ವಾರ ಶಾಲೆಯ ಬಸ್ಸು ಓಡಿಸುವಾಗ ಸೇತುವೆ ದಾಟಿದ್ದೇ ಗೊತ್ತಾಗಲಿಲ್ಲ. ದಿನಾ ಹೋಗುವ ದಾರಿ, ಅಭ್ಯಾಸಬಲ ಎಂದುಕೊಂಡು ಸುಮ್ಮನಾಗಿದ್ದೆ. ಹಿಂದಿನ ಸೀಟುಗಳಲ್ಲಿ ಮಕ್ಕಳು ಹಾಡುತ್ತಿದ್ದರು.

ಬೆಳಗ್ಗೆ ಮತ್ತೆ ಅದೇ ಸೇತುವೆ. ಬಸ್ಸಿನ ಕೀಲಿಕೈ ಇಲ್ಲೇ ಮೇಜಿನ ಮೇಲಿದೆ. ಈಗಲೇ ತಂಗಿಯನ್ನು ಎಬ್ಬಿಸಿ ಅವಳ ಕೈಗೆ ಕೊಟ್ಟುಬಿಡಬೇಕು. ಬೆಳಗಾಗುವ ತನಕ ಕಾದರೆ, ಏನೂ ಆಗಿಲ್ಲ ಎಂದು ನನಗೆ ನಾನೇ