ದೊಡ್ಡಿಯ ತಳದ ಕಪ್ಪು ಗೊಬ್ಬರ

ಮ್ಟೆಂಟು ನದಿಯ ಮೇಲ್ದಂಡೆ, ಲುಸಿಕಿಸಿಕಿ
ಗುರುವಾರ, 11 ಏಪ್ರಿಲ್ 2019

ಪ್ರೀತಿಯ ನ್ಯಾವುಜಾ,

ಗಂಟಲು ಹೇಗಿದೆ? ಗಂಜಿ ಇನ್ನೂ ನಳಿಗೆಯಲ್ಲೇ ಹೋಗುತ್ತಿದೆಯೋ, ಒಂದು ಗುಟುಕು ನೀರಾದರೂ ನುಂಗಲು ಬಿಟ್ಟಿದ್ದಾರೋ? ಆಪರೇಶನ್ ಆದ ಮೇಲೆ ನಿಮ್ಮ ಮಾತು ನಿಂತಿದೆ. ಫೋನಿನಲ್ಲಿ ನಾನೊಬ್ಬಳೇ ಕೂಗಿಕೊಂಡು, ಆ ಕಡೆಯ ಉಸಿರು ಕೇಳಿ, ಇಟ್ಟುಬಿಡುವುದು ಸಾಕಾಗಿದೆ. ಮೆಸೇಜ್ ಒತ್ತುವುದನ್ನು ಕಲಿಯಿರಿ ಎಂದರೆ ನೀವು ಎಂದೂ ಕೇಳಲಿಲ್ಲ. ಈ ಪತ್ರವನ್ನು ಡರ್ಬನ್ನಿನ ಟ್ಯಾಕ್ಸಿಯವನಿಗೆ ಕೊಡುತ್ತೇನೆ, ಶನಿವಾರ ಅಲ್ಲಿನ ಆಸ್ಪತ್ರೆಯಲ್ಲಿ ನಿಮ್ಮ ಕೈ ಸೇರುತ್ತದೆ. ಕನ್ನಡಕವನ್ನು ದಿಂಬಿನ ಕೆಳಗೆ ಇಡಬೇಡಿ, ಮುರಿಯುತ್ತದೆ.

ಸುತ್ತಿ ಬಳಸಿ ಹೇಳುವುದಿಲ್ಲ. ನೀವು ನನ್ನ ಮೇಲೆ ಬಿಟ್ಟುಹೋದ ಗಾಂಜಾ ಗಿಡಗಳ ಎಲೆ ಬಿಳಿಚಿಕೊಂಡಿದೆ. ಗಂಡು ಗಿಡ ತನ್ನ ಪರಾಗ ಉದುರಿಸಿ ಒಣಗಿಹೋಯಿತು. ಐದು ಹೆಣ್ಣುಗಿಡಗಳು ಹೂ ತುಂಬಿ ನಿಂತಿವೆ, ಬೀಜವೂ ಕಟ್ಟಿದೆ, ಆದರೆ ಉಗುರಿನಿಂದ ಒತ್ತಿದರೆ ಇನ್ನೂ ಹಾಲು. ಗಟ್ಟಿಯಾಗಿ ಕಂದು ಗೆರೆ ಮೂಡಲು ಮೂರು ವಾರವಾದರೂ ಬೇಕು. ಅಷ್ಟು ದಿನ ಅವು ಬದುಕುತ್ತವೋ ಇಲ್ಲವೋ ತಿಳಿಯದು. ಆಂಬುಲೆನ್ಸಿನ ಬಾಗಿಲಲ್ಲಿ ನೀವು ಆಡಿದ ಕೊನೆಯ ಮಾತು ನನ್ನ ವಿಷಯವಾಗಿರಲಿಲ್ಲ. "ಅಮ್ಮನ ಬೀಜ ಉಳಿಸ್ಕೋ ಮಾಜಾಲಿ, ಡಬ್ಬೀಲಿ ಒಂದೂ ಇಲ್ಲ, ಎಲ್ಲಾ ಬಿತ್ತಿಬಿಟ್ಟಿದೀನಿ" ಎಂದಿರಿ. ಆಮೇಲೆ ನಿಮ್ಮ ದನಿಯನ್ನು ನಾನು ಕೇಳಿಯೇ ಇಲ್ಲ.

ಎಲೆ ಬಿಳಿಚಿದ್ದು ಕಂಡ ದಿನ ನನಗೆ ಮೊದಲು ನೆನಪಾದದ್ದು ಗಾಂಜಾ ಸುಡಲು ಬರುತ್ತಿದ್ದ ಪೊಲೀಸರ ಹೆಲಿಕಾಪ್ಟರ್. ನಾನು ಮರೆಯುವವಳಲ್ಲ ಎಂದು ನಿಮಗೆ ಗೊತ್ತು. ಶಾಲೆಯ ಮಕ್ಕಳು ಬಾವಿಯ ಬಳಿ ನಿಂತಿದ್ದಾಗಲೇ ವಿಷ ಚಿಮುಕಿಸಿಕೊಂಡು ಹೋದ ಆ ಫೆಬ್ರವರಿಗಳು. ಗಾಂಜಾದ ಜೊತೆಗೆ ನಮ್ಮ ಜೋಳ, ಕುಂಬಳ, ಸಿಹಿಗೆಣಸು ಎಲ್ಲ ಹೀಗೆಯೇ ಬಿಳಿಚಿ ಮಲಗಿದ್ದವು. ನಿಮ್ಮ ತಾಯಿ ಒಂದು ಹಿಡಿ ಬೀಜವನ್ನು ತಲೆವಸ್ತ್ರದ ಅಂಚಿನಲ್ಲಿ ಹೊಲಿದಿಟ್ಟುಕೊಂಡು ಪೊಲೀಸರಿಗೇ ಚಹಾ ಕೊಟ್ಟರು. ಕಳೆದ ಸೆಪ್ಟೆಂಬರಿನಲ್ಲಿ ದೊಡ್ಡ ನ್ಯಾಯಾಲಯ, ಮನೆಯ ಮಟ್ಟಿಗೆ ಬೆಳೆದುಕೊಂಡರೆ ತಪ್ಪಿಲ್ಲ ಎಂದಿತು. ಹಾಗಾದರೆ ಅಷ್ಟು ವರ್ಷ ಸುಟ್ಟ ಹೊಲಗಳು ಯಾರ ತಪ್ಪು? ಈಗ ಸೂಟು ತೊಟ್ಟವರು ಗಾಜಿನ ಮನೆಯಲ್ಲಿ ಬೆಳೆಯಲು ಪರವಾನಗಿ ಪಡೆಯುತ್ತಾರೆ. ವಿಷ ಉಂಡ ಮಣ್ಣಿನ ಕಡೆಗೆ ಒಬ್ಬರೂ ತಿರುಗಿ ನೋಡಿಲ್ಲ. ಈ ಸಿಟ್ಟಿನಲ್ಲೇ ಕೃಷಿ ಕಚೇರಿಗೆ ಮೂರು ಪುಟದ ದೂರು ಬರೆದೆ, ವಿಷ ಇನ್ನೂ ನೆಲದಲ್ಲಿದೆ ಎಂದು.

ದೂರು ಅಂಚೆಗೆ ಹಾಕುವ ಮೊದಲೇ ಪಕ್ಕದ ಮನೆಯ ಮಾಬೇಲೆ ಬಂದಳು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಅವಳು ಈ ಗಿಡ ಬೆಳೆದೇ ನಾಲ್ಕು ಮಕ್ಕಳನ್ನು ಓದಿಸಿದವಳು. ಗಿಡದ ಮುಂದೆ ಕುಕ್ಕುರುಗಾಲಲ್ಲಿ ಕೂತು ಕೆಳಗಿನ ಹಳದಿ ಎಲೆಯೊಂದನ್ನು ಮುಟ್ಟಿದಳು, ಅದು ಕೈಗೇ ಬಂತು. "ಇದಕ್ಕೆ ಅಳ್ಬೇಡ ಟೀಚರಮ್ಮ, ಇದು ಮುದುಕಿ ಎಲೆ. ತನ್ನ ಸತ್ವಾನೆಲ್ಲ ಹೂವಿಗೆ ಕೊಟ್ಟು ಹೋಗ್ತಾಳೆ, ನಮ್ಮ ಹಾಗೆ" ಎಂದಳು. ಆಮೇಲೆ ತುದಿಯ ಎಳೆ ಎಲೆಗಳನ್ನು ಬೆಳಕಿಗೆ ಹಿಡಿದಳು. ನರಗಳು ಹಸಿರಾಗಿದ್ದವು, ನಡುವೆಲ್ಲ ಬಿಳಿ. ಅವಳ ನಗು ನಿಂತಿತು. "ಏನು ಹಾಕ್ತಿದ್ದೀಯ ಇದಕ್ಕೆ?" ಎಂದಳು.

ಬೂದಿ ಎಂದೆ. ನೀವು ಹೋದಾಗಿನಿಂದ ದಿನವೂ ಬೆಳಿಗ್ಗೆ ಒಲೆಯ ಬೂದಿಯನ್ನು ಬುಡಕ್ಕೊಂದು ಹಿಡಿ ಹಾಕಿದ್ದೇನೆ. ಬೂದಿ ಹೂವಿಗೆ ಒಳ್ಳೆಯದೆಂದು ಓದಿದ್ದೆ. ಅದಕ್ಕಿಂತ ಹೆಚ್ಚಾಗಿ, ಈ ಮನೆಯಲ್ಲಿ ಸೊಸೆಯ ಕೈಗೆ ಸಿಗುವ ಗೊಬ್ಬರ ಅದೊಂದೇ. ಮಾಬೇಲೆ ಒಂದು ಚಿಟಿಕೆ ಮಣ್ಣನ್ನು ವಿನೆಗರ್ ಬಟ್ಟಲಿಗೆ ಹಾಕಿದಳು. ಬುಸ್ಸೆಂದು ನೊರೆ ಬಂತು. "ನೋಡು, ಮಣ್ಣನ್ನ ಸುಣ್ಣದ ಗೂಡು ಮಾಡಿಟ್ಟಿದ್ದೀಯ. ಹೆಲಿಕಾಪ್ಟರೂ ಇಲ್ಲ, ಗಿಲಿಕಾಪ್ಟರೂ ಇಲ್ಲ. ಊಟ ಬೇಕಾದಷ್ಟಿದೆ ಕಣೇ, ಗಿಡಕ್ಕೆ ನುಂಗೋಕೆ ಆಗ್ತಿಲ್ಲ ಅಷ್ಟೆ." ಅವಳು ನಿಮ್ಮನ್ನು ನೆನೆದು ಆಡಿದ ಮಾತಲ್ಲ ಅದು. ಆದರೂ ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಬೂದಿ ನಿಲ್ಲಿಸಿದ್ದೇನೆ, ಮೇಲಿನ ಮಣ್ಣು ಕೆರೆದು ತೆಗೆದಿದ್ದೇನೆ. ಬಕೆಟ್ ಮಳೆನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಹಾಕುತ್ತಿದ್ದೇನೆ. ಅದು ಸಾಲದು ಎನ್ನುತ್ತಾಳೆ ಮಾಬೇಲೆ. ದೊಡ್ಡಿಯ ತಳದಲ್ಲಿ ವರ್ಷಗಟ್ಟಲೆ ಕಳಿತ ಕಪ್ಪು ಸಗಣಿಗೊಬ್ಬರ ಬೇಕಂತೆ, ಹಸಿ ಸಗಣಿಯಲ್ಲ. ಎರಡು ದಿನ ನೀರಲ್ಲಿ ನೆನೆಸಿ, ಸೋಸಿ, ಬುಡಕ್ಕೆ ಹೊಯ್ಯಬೇಕು. ಅವಳ ದೊಡ್ಡಿಯಲ್ಲಿ ದನ ಹೋಗಿ ಹತ್ತು ವರ್ಷವಾಯಿತು, ಈಗ ಬರೀ ಆಡು. ಅಂಗಡಿಯ ಚೀಲದ ಗೊಬ್ಬರ ಈ ಬೀಜಕ್ಕೆ ಮುಟ್ಟಿಸಬಾರದೆಂದು ನೀವೇ ಪ್ರಮಾಣ ಮಾಡಿಸಿದ್ದೀರಿ. ಉಳಿದದ್ದು ನಮ್ಮ ದೊಡ್ಡಿ. ಅಡುಗೆಮನೆಯಿಂದ ಇಪ್ಪತ್ತು ಹೆಜ್ಜೆ. ನಲವತ್ತೊಂದು ವರ್ಷದಲ್ಲಿ ನಾನು ಒಳಗೆ ಕಾಲಿಟ್ಟಿಲ್ಲ. ನಿಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗ, ಸೊಸೆ ತುಳಿಯಬಾರದು. ನ್ಯಾವುಜಾ ಎಂದು ಕುಲದ ಹೆಸರಿನಿಂದ ಕರೆಯುವುದು ಬಿಟ್ಟು ನಿಮ್ಮ ಸ್ವಂತ ಹೆಸರನ್ನು ಹೇಗೆ ಬಾಯಲ್ಲಿ ಹೇಳಿಲ್ಲವೋ ಹಾಗೆಯೇ ಇದೂ. ಮಕ್ಕಳಿಗೆ ಸಂವಿಧಾನ ಪಾಠ ಮಾಡಿದವಳು ದೊಡ್ಡಿಯ ಬಾಗಿಲಿನ ದಣಪೆಯ ಹೊರಗೆ ಬಕೆಟ್ ಹಿಡಿದು ನಿಂತಿದ್ದೇನೆ, ನಗಬೇಡಿ.

ನಿಮ್ಮ ತಮ್ಮ ಜೊಲಿಲೆಯನ್ನು ಮೂರು ಸಲ ಕೇಳಿದೆ. ಮೊದಲ ಸಲ ಬೆನ್ನುನೋವು, ಎರಡನೆಯ ಸಲ ಚರ್ಚಿನ ಸಭೆ. ಮೂರನೆಯ ಸಲ ನಿಜ ಬಾಯಿಬಿಟ್ಟ. "ಅತ್ತಿಗೆ, ಅಣ್ಣ ಹಾಸಿಗೇಲಿರುವಾಗ ದೊಡ್ಡಿ ನೆಲ ಅಗೆದ್ರೆ ಊರೋರು ಏನಂದ್ಕೋತಾರೆ? ಯಜಮಾನನಿಗೆ ಗುಂಡಿ ತೋಡ್ತಿದ್ದಾರೆ ಅನ್ನಲ್ವಾ?" ಎಂದ. ಪ್ರತಿದಿನ ಇನ್ನೊಂದು ಸುತ್ತು ಎಲೆ ಬಿಳಿಚುತ್ತಿದೆ, ನಾನು ಎಣಿಸುತ್ತಾ ಕೂತಿದ್ದೇನೆ.

ಮಾಬೇಲೆ ನಿಮ್ಮ ಕ್ಷೇಮ ಕೇಳಿದ್ದಾಳೆ. ನಿಮ್ಮ ಹಿರಿಯರು ನಿಮ್ಮ ಹಾಸಿಗೆಯ ಪಕ್ಕದಲ್ಲಿರಲಿ. ನರ್ಸಿನ ಮೇಲೆ ಕಣ್ಣು ಕೆಂಪು ಮಾಡಬೇಡಿ, ಪಾಪ, ಅವಳ ತಪ್ಪೇನೂ ಇಲ್ಲ.

ನಿಮ್ಮ
ಮಾಜಾಲಿ

ತಾ.ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಈಗಷ್ಟೇ ಜೊಲಿಲೆ ಹಾರೆ ಹಿಡಿದು ಬಂದು ನೇರ ದೊಡ್ಡಿಗೆ ಹೋದ. ಕೊನೆಗೂ ಗೊಬ್ಬರಕ್ಕೆ ಬಂದನೆಂದು ಬಕೆಟ್ ಹಿಡಿದು ಓಡಿದೆ. ಅವನು ಗೊಬ್ಬರದ ಕಡೆ ನೋಡಲೇ ಇಲ್ಲ. ಗೋಡೆಯ ಪಕ್ಕ, ನಿಮ್ಮ ಅಪ್ಪನ ಸಮಾಧಿಯ ಕಲ್ಲಿನ ಬದಿಯಲ್ಲಿ, ಹೆಜ್ಜೆ ಹಾಕಿ ಉದ್ದಗಲ ಅಳೆಯುತ್ತಿದ್ದ. "ನಿನ್ನೆ ಡಾಕ್ಟರು ಫೋನ್ ಮಾಡಿದ್ರು ಅತ್ತಿಗೆ" ಎಂದ, ಮುಖ ನೋಡದೆ. ನನಗೆ ಯಾಕೆ ಮಾಡಲಿಲ್ಲ ಎಂದು ಕಿರುಚಿದೆ. ನಾಚಿಕೆಗೋ ಹೆದರಿಕೆಗೋ ಒಂದು ಬಕೆಟ್ ಕಪ್ಪು ಗೊಬ್ಬರ ಬಗೆದು ದಣಪೆಯಾಚೆ ಇಟ್ಟು ಹೋದ. ಅದು ಎರಡು ಗಿಡಕ್ಕಾದೀತು, ಇನ್ನೂ ಮೂರಿವೆ. ಅವನನ್ನು ಮತ್ತೆ ಕೇಳುವುದಿಲ್ಲ. ನಾಳೆ ಬೆಳಿಗ್ಗೆ ನಾನೇ ದೊಡ್ಡಿಯೊಳಗೆ ಹೋಗುತ್ತೇನೆ, ನ್ಯಾವುಜಾ. ಬೇಡ ಎನ್ನುವುದಿದ್ದರೆ ನೀವೇ ಎದ್ದು ಬಂದು ಹೇಳಿ.