ಭಾನುವಾರದ ಪೇರಲ ಕೇಕ್

ಫೆಬ್ರವರಿ 4, ಮಂಗಳವಾರ

ಇವತ್ತೂ ತಳ ಹೊತ್ತಿತು. ಮೇಲೆ ಹಸಿ. ಕುಕ್ಕರಿಗೆ ಉಪ್ಪು ಹರಡಿ, ಸೀಟಿ ತೆಗೆದು, ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹೆಂಗಸು ಹೇಳಿದ ಹಾಗೆಯೇ ಮಾಡಿದೆ. ಆ ಹೆಂಗಸಿನ ಕೇಕ್ ಉಬ್ಬುತ್ತದೆ, ನನ್ನದು ಮುನಿಸಿಕೊಂಡು ಕೂರುತ್ತದೆ. ಗಿರಾಕಿಗಳ ಬ್ಲೌಸುಗಳು ಮಷೀನಿನ ಮೇಲೆ ಹಾಗೇ ಬಿದ್ದಿವೆ.

ಅತ್ತೆ ಸುಟ್ಟದ್ದನ್ನು ಎಮ್ಮೆಗೆ ಹಾಕಿ ಬಂದರು. “ಎಮ್ಮಿನೂ ಮೂಸಿ ಬಿಟ್ಟದ ನೋಡು, ಜಯಮಾಲಾ. ಸುಮ್ನ ಚುರಮರಿ ಸುಸಲಾ ಮಾಡಿದ್ರ ಆಗಲ್ಲೇನು?”

ಆಗುವುದಿಲ್ಲ. ಭಾನುವಾರ ನಾಷ್ಟಾಕ್ಕೆ ಹುಮನಾಬಾದಿನಿಂದ ಶಂಕರಲಿಂಗ ಬರುತ್ತಾರೆ, ಮಗಳು ಪೂನಂ ಜೊತೆಗೆ. ಅತ್ತೆಯೇ ಹುಡುಕಿದ ಸಂಬಂಧ. ಅತ್ತೆಯ ಮಗ, ನನ್ನ ಗಂಡ, ತೀರಿಹೋಗಿ ಏಳು ವರ್ಷ... ಇನ್ನು ಒಬ್ಬಳೇ ಇರಬೇಡ ಎಂದು ನನ್ನ ಬೆನ್ನು ಹತ್ತಿದವರು ಅವರೇ. ಶಂಕರಲಿಂಗ ಅವರ ಹೆಂಡತಿಯೂ ಇಲ್ಲ. ಹೋದ ತಿಂಗಳು ಹುಮನಾಬಾದಿನಲ್ಲಿ ಅವರ ಬೀಜದ ಅಂಗಡಿಗೆ ಹೋದಾಗ ನೇರವಾಗಿಯೇ ಹೇಳಿದರು: “ನಂದೇನೂ ತಕರಾರಿಲ್ರಿ. ಪೂನಂ ಹ್ಞೂಂ ಅನಬೇಕು, ಅಷ್ಟ.”

ಅಂದರೆ ಎಲ್ಲವೂ ಒಂಬತ್ತನೇ ಕ್ಲಾಸಿನ ಹುಡುಗಿಯ ಕೈಯಲ್ಲಿ. ಆ ದಿನ ಅವಳು ನನ್ನ ಜೊತೆ ಆಡಿದ್ದು ಒಂದೇ ಮಾತು. ಫೋನ್ ಮುಂದೆ ಹಿಡಿದು ತೋರಿಸಿದಳು. ಕೇಕ್, ಮೇಲೆ ಹಣ್ಣು, ಅದರ ಮೇಲೆ ಸಕ್ಕರೆ-ಬೆಣ್ಣೆಯ ಪುಡಿ. “ಇದನ್ನ ಮುಂಜಾನಿ ಕಾಫಿ ಜೋಡಿ ತಿಂತಾರಂತ. ನಾ ಎಂದೂ ತಿಂದಿಲ್ಲ.”

ಅದಕ್ಕೇ ಈ ಹಟ.

ಫೆಬ್ರವರಿ 6, ಗುರುವಾರ

ಪಕ್ಕದ ಮನೆಯ ವಹೀದಾ ಕುಕ್ಕರ್ ನೋಡಿ ನಕ್ಕಳು. “ನಮ್ಮ ಅಣ್ಣನ ಬೇಕರಿ ಇದ್ದು ಇದ್ಯಾಕ ಬಡಕೊಳ್ಳಾಕತ್ತಿ? ಪಾವ್ ತೆಗೆದ ಮ್ಯಾಲೆ ಭಟ್ಟಿ ತಣ್ಣಗಾಗಾಕ ಹತ್ತಿರ್ತದ. ಆವಾಗ ಇಡು, ಹೊತ್ತಂಗಿಲ್ಲ.”

ನನಗೇಕೆ ಹೊಳೆಯಲಿಲ್ಲ. ದೀಪಾವಳಿಗೆ, ಈದ್‌ಗೆ ಊರೆಲ್ಲ ಹಿಟ್ಟು-ತುಪ್ಪ ಹೊತ್ತು ಅಲ್ಲಿಗೇ ಹೋಗಿ ನಾನ್‌ಖಟಾಯಿ ಮಾಡಿಸಿಕೊಂಡು ಬರುತ್ತದೆ. ತತ್ತಿ ಬೇಯುವ ಭಟ್ಟಿ ಎಂದು ಅತ್ತೆ ತಗಾದೆ ತೆಗೆದಾರು ಎಂದುಕೊಂಡೆ. ಅವರೋ, “ಬೆಂಕಿಗೇನು ಮೈಲಿಗಿ? ಬೇಯಿಸೋ ತಗಡು ಮಾತ್ರ ನಮ್ಮ ಮನೀದಿರಲಿ,” ಎಂದರು. ತತ್ತಿಯ ಬದಲು ಮೊಸರು ಹಾಕುತ್ತೇನೆ.

ಫೆಬ್ರವರಿ 8, ಶನಿವಾರ

ಆಯಿತು. ಉಬ್ಬಿದೆ. ಒಳಗೆ ಕೆಂಪಗಿರುವ ಪೇರಲವನ್ನೇ ಹುಡುಕಿ ತಂದಿದ್ದೆ. ಬೀಜ ತೆಗೆದು, ತೆಳ್ಳಗೆ ಹೆಚ್ಚಿ ಮೇಲೆ ಜೋಡಿಸಿದ್ದೆ. ಅಂಚು ಕಂದುಬಣ್ಣಕ್ಕೆ ತಿರುಗಿ, ಪುಡಿ ಗರಿಗರಿಯಾಗಿ ಬಂದಿದೆ. ಬೇಕರಿಯಿಂದ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ, ಗಮ ಗಮ. ಚಹಾ ಕುಡಿಯುವ ನಮ್ಮ ಮನೆಗೆ ಕಾಫಿಪುಡಿಯೂ ಬಂತು.

ಅತ್ತೆ ತಗಡಿನ ಮೇಲಿನ ಬಟ್ಟೆ ಸರಿಸಿ ನೋಡಿದರು. “ಇದು ಸೀ ಅದ ಅಲ್ಲೇನು?”

“ಹೌದ್ರಿ.”

“ಮಾತು ಮುಗಿಯೋಕಿಂತ ಮೊದಲ ಸೀ ಇಡ್ತಾರೇನವ್ವಾ?”

ಆಗ ಹೊಳೆಯಿತು. ಸಂಬಂಧದ ಮಾತಿಗೆ ಬಂದವರಿಗೆ ಖಾರದ್ದೇ ಕೊಡುವುದು. ಸುಸಲಾ, ಮಿರ್ಚಿ ಭಜಿ, ಚಹಾ. ಬಾಯಿ ಸಿಹಿ ಮಾಡುವುದು ಒಪ್ಪಿಗೆಯಾದ ಮೇಲೆ. ಸಿಹಿ ತಿಂದರೆ ಹೂಂ ಎಂದ ಹಾಗೆ, ಬಿಟ್ಟರೆ ಇಲ್ಲ ಎಂದ ಹಾಗೆ. ಎಷ್ಟು ಮನೆಗಳಲ್ಲಿ ನಾನೇ ಪ್ಲೇಟು ಹಚ್ಚಿಲ್ಲ... ಇದು ಬರೀ ನಾಷ್ಟಾ, ಹೆಣ್ಣು ನೋಡುವುದಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮರೆತುಬಿಟ್ಟೆ. ಹುಡುಗಿಗೆ ಇಷ್ಟವಾದದ್ದು ಎಂಬುದಷ್ಟೇ ತಲೆಯಲ್ಲಿತ್ತು.

ಅಡಗಿಸಿಡಲೇ? ಕೇಕ್ ಮಾಡುತ್ತೇನೆಂದು ಅವರಿಗೆ ಫೋನಿನಲ್ಲಿ ಹೇಳಿಯಾಗಿದೆ.

ಫೆಬ್ರವರಿ 9, ಭಾನುವಾರ, ಮಧ್ಯಾಹ್ನ

ಬಂದು ಹೋದರು.

ಶಂಕರಲಿಂಗ ಕೇಕ್ ನೋಡಿದರು, ಆಮೇಲೆ ಮಗಳ ಮುಖ ನೋಡಿದರು, ಸುಸಲಾ ಎಳೆದುಕೊಂಡರು. ಪೂನಂ ತನ್ನ ಪ್ಲೇಟಿನ ಕೇಕಿನ ಮೇಲಿನ ಪೇರಲದ ಹೋಳುಗಳನ್ನು ಒಂದೊಂದಾಗಿ ಎತ್ತಿ ತಿಂದಳು. ಹಣ್ಣಷ್ಟೇ. ಕೇಕ್ ಮುಟ್ಟಲಿಲ್ಲ. ಅತ್ತೆ ಕೆಮ್ಮಿದರು. ನಾನು ಕಾಫಿ ಕದಡುತ್ತಲೇ ಇದ್ದೆ.

ಕೊನೆಗೆ ಅವಳೇ ಕೇಳಿದಳು. “ಇದನ್ನ ತಿಂದ್ರ ಹ್ಞೂಂ ಅಂದಂಗ ಅಲ್ರಿ? ನಮ್ಮ ಅಜ್ಜಿ ಹೇಳ್ಯಾಳ.”

“ಪೂನಂ,” ಎಂದರು ಶಂಕರಲಿಂಗ.

ಸುಳ್ಳು ಹೇಳಬಹುದಿತ್ತು. ಆ ಕಣ್ಣಿನ ಮುಂದೆ ಆಗಲಿಲ್ಲ. “ಹೌದವ್ವ. ನಾ ಮರ್ತು ಮಾಡೀನಿ. ನೀ ತಿನಬ್ಯಾಡ. ಡಬ್ಬಿಗೆ ಹಾಕಿ ಕೊಡ್ತೀನಿ, ನಿಮ್ಮ ಮನ್ಯಾಗ ತಿನ್ನು. ಅಲ್ಲಿ ತಿಂದ್ರ ಬರೀ ಕೇಕ್.”

ಅವಳು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಡಬ್ಬಿ ತೆಗೆದುಕೊಂಡಳು.

ಅವರು ಹೋದ ಮೇಲೆ ಅತ್ತೆ, “ತಿನಬ್ಯಾಡ ಅಂತ ಯಾರಾದ್ರೂ ತಾವಾಗೇ ಹೇಳ್ತಾರೇನು?” ಎಂದು ಒಳಗೆ ಹೋಗಿ ಮಲಗಿದರು.

ಫೆಬ್ರವರಿ 13, ಗುರುವಾರ

ಅವರಿಂದ ಫೋನಿಲ್ಲ. ಒಂದು ತೋಳು ತಿರುವುಮುರುವಾಗಿ ಹೊಲಿದು, ಬಿಚ್ಚಿ, ಮತ್ತೆ ಹಾಗೆಯೇ ಹೊಲಿದೆ. ಬಾಗಿಲಿಗೆ ಹೋಗುತ್ತೇನೆ, ಬರುತ್ತೇನೆ. ವಹೀದಾ ಕೇಳಿದರೆ ಸಿಡುಕಿದೆ. ಪಾಪ.

ಇಲ್ಲಿ ಯಾರು ಓದುತ್ತಾರೆ, ಬರೆದೇಬಿಡುತ್ತೇನೆ. ನನಗೆ ಆ ಮನೆ ಬೇಕು. ಅವರೂ ಬೇಕು. ಬಾಗಿಲಲ್ಲಿ ಎಸೆದ ಸ್ಕೂಲ್ ಬ್ಯಾಗು, ಅದನ್ನೆತ್ತಿಡುತ್ತ ಬೈಯುವ ಹಕ್ಕು, ಅದೂ ಬೇಕು.

ಫೆಬ್ರವರಿ 15, ಶನಿವಾರ

ಶಂಕರಲಿಂಗ ಫೋನ್ ಮಾಡಿದ್ದರು. “ನಾಳಿ ಮುಂಜಾನಿ ಬರ್ತೀವ್ರಿ. ಡಬ್ಬಿ ಕೊಡೋದದ ಅಂತಾಳ ಪೂನಂ.”

ಡಬ್ಬಿ. ಅಷ್ಟೇ. ಒಂದು ಡಬ್ಬಿಗಾಗಿ ಇಬ್ಬರು ಬಸ್ಸು ಹತ್ತುತ್ತಾರೆಯೇ? ತಿಂದಳೋ ಇಲ್ಲವೋ ಕೇಳಬೇಕಿತ್ತು. ಕೇಳಲಿಲ್ಲ. ಅತ್ತೆ ಈ ಸಲ ಅವಲಕ್ಕಿಗೆ ಹಸಿಮೆಣಸಿನಕಾಯಿ ತಾವೇ ಹೆಚ್ಚಿಡುತ್ತಿದ್ದಾರೆ. ನನ್ನ ಮೇಲೆ ನಂಬಿಕೆಯಿಲ್ಲ.

ಫೆಬ್ರವರಿ 16, ಭಾನುವಾರ

ಬೇಗ ಬೇಗ ಬರೆಯುತ್ತೇನೆ.

ಅವಲಕ್ಕಿ ಮುಂದಿಟ್ಟೆ. ಪೂನಂ ಡಬ್ಬಿ ಮುಂದಿಟ್ಟಳು. ಹಗುರವಾಗಿತ್ತು, ಖಾಲಿ ಎಂದೇ ತಿಳಿದೆ. ಮುಚ್ಚಳ ತೆಗೆದರೆ ಒಂದು ತುಂಡು ಕೇಕ್. ನನ್ನದೇ. ಪೇರಲ ಕಪ್ಪಾಗಿತ್ತು, ಅಂಚು ಒಣಗಿತ್ತು.

“ಸೇರಲಿಲ್ಲೇನವ್ವ?”

“ಉಳದದ್ದೆಲ್ಲ ಮನ್ಯಾಗ ತಿಂದೆ. ಬರೀ ಕೇಕ್. ಮಸ್ತ್ ಇತ್ರಿ.” ಆ ತುಂಡಿನ ಕಡೆ ಕೈ ತೋರಿಸಿದಳು. “ಇದೊಂದು ಫ್ರಿಜ್‌ನ್ಯಾಗ ತೆಗೆದಿಟ್ಟಿದ್ದೆ. ಅಪ್ಪಗೂ ಮುಟ್ಟಗೊಟ್ಟಿಲ್ಲ.”

“ಯಾಕ?”

“ಇದನ್ನ ಇಲ್ಲಿ ತಿನ್ನಾಕ.”

ಪೂನಂ ಆ ತುಂಡು ಎತ್ತಿಕೊಂಡಳು. ಮುರಿದಳು. ಗಟ್ಟಿಯಾಗಿತ್ತು, ಎರಡೂ ಕೈ ಬೇಕಾದವು. ಅರ್ಧ ತನ್ನ ಬಾಯಿಗೆ ಹಾಕಿಕೊಂಡಳು, ಅರ್ಧ ನನ್ನ ಕೈಗಿಟ್ಟಳು. ಅತ್ತೆ ಸೆರಗು ಮುಖಕ್ಕೆ ಹಿಡಿದು ಅಡುಗೆಮನೆಗೆ ಹೋದರು. ಶಂಕರಲಿಂಗ ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ಓದಿದರು.

ಈಗ ಹುಡುಗಿ ಅಡುಗೆಮನೆಯಲ್ಲಿ ಪೇರಲ ಹೆಚ್ಚುತ್ತಿದ್ದಾಳೆ. ದಪ್ಪ ದಪ್ಪ ಹೋಳು. ಅತ್ತೆ ಬೈಯುತ್ತಿದ್ದಾರೆ. ಇವತ್ತೇ ಇನ್ನೊಂದು ಆಗಬೇಕಂತೆ, ಬಿಸಿಬಿಸಿಯಾಗಿ ತಿನ್ನಬೇಕಂತೆ. ಭಟ್ಟಿಯಿಂದ ಪಾವ್ ತೆಗೆದರೆಂದು ಅಣ್ಣನ ಫೋನ್ ಬಂತಂತೆ, ವಹೀದಾ ಕೂಗುತ್ತಿದ್ದಾಳೆ, ಕಾವು ಇಳಿಯುವ ಮೊದಲು ಪೂನಂ, ನಾನು, ಇಬ್ಬರೂ ತಗಡು ಹಿಡಿದು ಆಟೋ ಹತ್ತಬೇಕು.