ಕಂಕುಳಿಗೆ ಕಾಲಂ ಇಲ್ಲ

ಎಡ ಸ್ತನ, ಬಲ ಸ್ತನ ಎಂಬ ಎರಡೇ ಕಾಲಂಗಳ ಒಡೆಯರಾದ ಮಾನ್ಯ ತಪಾಸಣಾ ಶಿಬಿರಾಧಿಕಾರಿಗಳೇ,

ನಿಮ್ಮ ಫಾರಂನಲ್ಲಿ ಕಂಕುಳಿಗೆ ಜಾಗವಿಲ್ಲದ ಕಾರಣ ನನ್ನ ಸೊಸೆ ಶಾಹಿದಾಳ ಕ್ಯಾನ್ಸರಿಗೆ ಐದು ತಿಂಗಳ ಪರವಾನಗಿ ಸಿಕ್ಕಿತು. ಇದೇ ನನ್ನ ದೂರು.

ನಿಮಗೆ ನೆನಪಿರಲಾರದು. ಕಬಕದ ಸಭಾಭವನದಲ್ಲಿ ಉದ್ಘಾಟನೆಗೆ ಒಂದೂವರೆ ಗಂಟೆ, ಶಾಲು ಹೊದಿಸುವುದಕ್ಕೆ ಅರ್ಧ ಗಂಟೆ, ಹೆಂಗಸರಿಗೆ ತಲಾ ಎರಡು ನಿಮಿಷ. ಭಾಷಣದುದ್ದಕ್ಕೂ ನೀವು "ಆ ಭಾಗ, ಆ ಭಾಗ" ಎಂದಿರಿ. ಯಾವ ಭಾಗ ಸ್ವಾಮೀ, ಗುಡ್ಡದ ಆಚೆಯದ್ದೇ? ನಾನು ಮೊಲೆ ಎಂದೇ ಬರೆಯುತ್ತೇನೆ. ನೀವೂ ಅದನ್ನೇ ಕುಡಿದು ಅಧಿಕಾರಿಯಾದವರು. ಪತ್ರಿಕೆಯವರು ಫೋಟೋ ತೆಗೆಯುತ್ತಿದ್ದುದರಿಂದ ಫಾರಂ ತುಂಬಿಸಲು ಸ್ವತಃ ತಾವೇ ಕುಳಿತಿದ್ದಿರಿ. ಶಾಹಿದಾಳ ಸರದಿ ಬಂತು.

"ಸಾರ್, ನಂಗೆ ಕಂಕುಳಲ್ಲಿ ಒಂದು ಗಂಟು ಉಂಟು."

"ಎದೆಯಲ್ಲಿ ಉಂಟಾ?"

"ಎದೆಯಲ್ಲಿ ಎಂತ ಇಲ್ಲ."

"ಹಾಗಾದ್ರೆ ಆಯ್ತಲ್ಲ ಮಾರಾಯ್ತಿ! ಇದು ಎದೆಯ ಕ್ಯಾಂಪ್. ಕಂಕುಳಿಗೆ ಕಾಲಂ ಇಲ್ಲ."

"ಬದಿಯಲ್ಲಿ ಬರೀರಿ, ಜಾಗ ಉಂಟಲ್ಲ" ಎಂದೆ ನಾನು.

"ಬದಿಯಲ್ಲಿ ಬರೆದ್ರೆ ಕಂಪ್ಯೂಟರ್ ತಗೊಳ್ಳುದಿಲ್ಲ ಅಮ್ಮ. ಕುರು ಇರ್ಬೇಕು, ಸೆಕೆಗೆ ಬರ್ತದೆ. ನೆಕ್ಸ್ಟ್!"

ಎರಡು ಕಾಲಂಗಳಲ್ಲೂ "ಇಲ್ಲ" ಎಂದು ಬರೆದು ಮೊಹರು ಒತ್ತಿದಿರಿ. ಗಂಟು ಮಾತ್ರ ನಿಮ್ಮ ಮೊಹರಿಗೆ ಮರ್ಯಾದೆ ಕೊಡದೆ ಬೆಳೆಯಿತು.

ಕೊನೆಗೆ ಮಂಗಳೂರಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ ಔಷಧಿ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಹಾಲಿನ ನಾಳದಲ್ಲಿ ರೋಗ ಹುಟ್ಟುತ್ತದೆ. ನಾಳದ ಗೋಡೆಯೊಳಗೇ ಇರುವಾಗ ಸಿಕ್ಕಿದರೆ ಕಿತ್ತು ಬಿಸಾಡಬಹುದು. ಗೋಡೆ ಒಡೆದು ಹೊರಬಿದ್ದರೆ ದುಗ್ಧರಸವೆಂಬ ಮೈಯೊಳಗಿನ ತಿಳಿನೀರಿನೊಡನೆ ಹೊರಟು, ಹೆಚ್ಚಾಗಿ ಮೊದಲು ತಂಗುವುದು ಕಂಕುಳಿನ ದುಗ್ಧಗ್ರಂಥಿಗಳಲ್ಲಿ. ಅವು ನಮ್ಮ ಗಡಿಯ ಚೆಕ್‌ಪೋಸ್ಟುಗಳ ಹಾಗೆ. ಸ್ವಲ್ಪ ಹೊತ್ತು ತಡೆಯುತ್ತವೆ. ಆಮೇಲೆ ಗಾಡಿ ದಾಟಿ ಎಲುಬಿಗೋ ಯಕೃತ್ತಿಗೋ ಹೋಗುತ್ತದೆ.

"ಎದೆಯೊಳಗಿನದ್ದು ಕಡಲೆಯಷ್ಟೇ ಅಮ್ಮ, ಕೈಗೆ ಸಿಗುದಿಲ್ಲ. ಕಂಕುಳೇ ಮೊದಲು ಹೇಳಿದ್ದು. ಯಾರೂ ಕೇಳ್ಲಿಲ್ವಾ?" ಎಂದರು.

ಹತ್ತನೇ ತರಗತಿಯವರೆಗೆ ಓದಿದ ನನಗೆ ಐದೇ ನಿಮಿಷದಲ್ಲಿ ತಿಳಿದ ದಾರಿ ಇದು. ಮೇಜಿನಿಂದ ಮೇಜಿಗೆ ಹೋಗಲು ನಿಮ್ಮ ಕಡತಕ್ಕೆ ವರ್ಷ ಬೇಕು. ಆದರೆ ಕ್ಯಾನ್ಸರ್ ಸರಕಾರಿ ನೌಕರನಲ್ಲ, ಮಧ್ಯಾಹ್ನ ಊಟಕ್ಕೂ ಏಳುವುದಿಲ್ಲ. ಈ ವ್ಯತ್ಯಾಸ ನಿಮಗೆ ತಿಳಿಯದೆ ಹೋಯಿತೇ?

ಇನ್ನು ನನ್ನ ಪಾಲು. ಮನೆಯಲ್ಲಿ ನನ್ನ ಮಾತಿಗೆ ಎದುರಿಲ್ಲ. ನೀವು ಕುರು ಎಂದದ್ದೇ ತಡ, ಗಂಟಿಗೆ ಸುಣ್ಣ-ಬೆಲ್ಲ ಅರೆದು ಹಚ್ಚಿಸಿದವಳು ನಾನು. ಮಗ ಸಿದ್ದೀಕ್ ದುಬಾಯಿಯಿಂದ ಫೋನ್ ಮಾಡಿ "ಮಂಗಳೂರಿಗೆ ತೋರಿಸುವ ಉಮ್ಮಾ" ಎಂದಾಗ, "ಸರಕಾರವೇ ಇಲ್ಲ ಅಂತ ಸೀಲು ಹೊಡೆದಿದೆ, ನಿಂದೆಂತ?" ಎಂದು ಬಾಯಿ ಮುಚ್ಚಿಸಿದೆ. ಇದಕ್ಕಿಂತ ದೊಡ್ಡ ತಪ್ಪೊಂದಿದೆ. ನಮ್ಮ ಜಮಾತಿನಲ್ಲಿ ತೀರಿಹೋದ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವವಳು ನಾನು, ಇಪ್ಪತ್ತೆರಡು ವರ್ಷಗಳಿಂದ. ಆಗ ಕಂಡದ್ದನ್ನು ಹೊರಗೆ ಆಡಬಾರದು ಎಂಬುದು ಕಟ್ಟಳೆ. ಹೆಸರುಗಳು ನನ್ನೊಡನೆಯೇ ಮಣ್ಣಿಗೆ ಹೋಗುತ್ತವೆ. ಆದರೆ ಯಾವ ಡಾಕ್ಟರಿಗೂ ತೋರಿಸದ ಹುಣ್ಣುಗಳನ್ನು, ಕಂಕುಳಿನ ಕಲ್ಲಿನಂಥ ಗಂಟುಗಳನ್ನು ಈ ಕೈ ಮುಟ್ಟಿದೆ. ಸತ್ತವರಲ್ಲಿ ಅಷ್ಟು ಸಲ ಮುಟ್ಟಿದ್ದನ್ನು ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಪತ್ತಿರಿ ರೊಟ್ಟಿ ತಟ್ಟುತ್ತಿದ್ದವಳಲ್ಲಿ ಗುರುತಿಸಲಿಲ್ಲ. ಗುಟ್ಟು ಕಾಯುವುದೇ ಪುಣ್ಯವೆಂದು ನಂಬಿ, ಕಂಡದ್ದರಿಂದ ಏನೂ ಕಲಿಯದೆ ಉಳಿದೆ.

ಕೀಮೋ ಮದ್ದಿಗೆ ಶಾಹಿದಾಳ ಕೂದಲು ಉದುರಿದೆ. ರೋಗ ಗ್ರಂಥಿಯಲ್ಲೇ ನಿಂತಿದೆಯೋ ಮುಂದೆ ದಾಟಿದೆಯೋ ಎಂಬುದು ಬುಧವಾರದ ಸ್ಕ್ಯಾನಿನಲ್ಲಿ ತಿಳಿಯುತ್ತದೆ. ಸೋಮವಾರ ಪಂಜದಲ್ಲಿ ನಿಮ್ಮ ಮುಂದಿನ ಶಿಬಿರ. ಅದೇ ಫಾರಂ ಅಂತೆ.

ಮೂರನೇ ಕಾಲಂ ಹಾಕಿ. ಪರದೆಯ ಹಿಂದೆ ಹೆಣ್ಣು ಡಾಕ್ಟರನ್ನು ಕೂರಿಸಿ. ಆಗದಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ನಾನು ಬಾಗಿಲಲ್ಲಿ ನಿಂತು ಬಂದ ಪ್ರತಿ ಹೆಂಗಸಿಗೂ "ಕೈ ಎತ್ತು ಮಗಳೇ" ಎನ್ನುತ್ತೇನೆ. ಗಂಟು ಸಿಕ್ಕಿದವರನ್ನು ನೇರ ನಿಮ್ಮ ವೇದಿಕೆಗೇ ಹತ್ತಿಸುತ್ತೇನೆ. ಫೋಟೋ ಚೆನ್ನಾಗಿ ಬಂದೀತು.

ಇಂತಿ,
ತಪ್ಪಿತಸ್ಥರ ಸಾಲಿನಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿರುವ
ಕದೀಜಮ್ಮ, ಕಬಕ